ಸ್ಟೀಮ್‌ಪಂಕ್ ಮದುವೆಗೆ ವಿಕ್ಟೋರಿಯಾ ಕಾಲದ ಉಡುಪು: ಸೀರೆಗೆ ಅಲ್ಲಿ ಜಾಗವಿದೆಯೇ?

ಪ್ರಶ್ನೆ: ಟ್ರೆಂಟ್ ದಂಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಕೆಲಸದ ನಿಮಿತ್ತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ನನ್ನ ಮದುವೆ. ಹುಡುಗ ಇಲ್ಲಿಯವನೇ, ಮೆಕ್ಯಾನಿಕಲ್ ಎಂಜಿನಿಯರ್, ಹಲವು ವರ್ಷಗಳಿಂದ ಸ್ಟೀಮ್‌ಪಂಕ್ ಬಳಗದಲ್ಲಿ ಇರುವವನು. ಲಿಂಕನ್ ನಗರದಲ್ಲಿ 2009ರಲ್ಲಿ ಆರಂಭವಾದ ಸ್ಟೀಮ್‌ಪಂಕ್ ಉತ್ಸವದಲ್ಲಿಯೇ ನಮ್ಮಿಬ್ಬರ ಪರಿಚಯವಾದದ್ದರಿಂದ, ಮದುವೆಯೂ ಅದೇ ಬಗೆಯಲ್ಲಿ ಆಗಲಿ ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಇದರ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪೆಟ್ರೋಲು, ಕಂಪ್ಯೂಟರುಗಳ ದಾರಿಗೆ ಹೊರಳದೆ ಲೋಕವು ಉಗಿಯಂತ್ರ, ಹಿತ್ತಾಳೆ, ಗಡಿಯಾರದ ಹಲ್ಲುಚಕ್ರಗಳ ದಾರಿಯಲ್ಲಿಯೇ ಮುಂದುವರಿದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿಕೊಂಡು, ಆ ಊಹೆಗೆ ತಕ್ಕಂತೆ ಉಡುವುದು, ಕಟ್ಟುವುದು, ಬರೆಯುವುದು ಸ್ಟೀಮ್‌ಪಂಕ್. ಉಡುಪಿನ ಬುನಾದಿ ಹತ್ತೊಂಬತ್ತನೆಯ ಶತಮಾನದ್ದು, ಮೇಲಿನ ಅಲಂಕಾರ ಕಲ್ಪನೆಯದ್ದು.

ಸ್ಥಳವಾಗಿ ನಾವು ನೋಡಿಟ್ಟಿರುವುದು ನಾಟಿಂಗ್‌ಹ್ಯಾಮ್‌ನಿಂದ ಉತ್ತರಕ್ಕಿರುವ ಪ್ಯಾಪಲ್‌ವಿಕ್ ಪಂಪಿಂಗ್ ಸ್ಟೇಷನ್. ನಗರಕ್ಕೆ ನೀರೆತ್ತಲು 1880ರ ದಶಕದಲ್ಲಿ ಕಟ್ಟಿದ ಈ ಯಂತ್ರಶಾಲೆಯಲ್ಲಿ ಈಗ ಮದುವೆಗಳೂ ನಡೆಯುತ್ತವೆ. ಅದರೊಳಗೆ ಕಾಲಿಟ್ಟ ಕ್ಷಣದಿಂದ ನನ್ನ ಹುಡುಗ ಬೇರೆ ಯಾವ ಜಾಗದ ಮಾತನ್ನೂ ಕೇಳಿಸಿಕೊಳ್ಳುತ್ತಿಲ್ಲ.

ನನ್ನ ತೊಡಕು ಇಷ್ಟು. ಅತ್ತೆಯವರು ಬಹಳ ಪ್ರೀತಿಯಿಂದ ಬಿಳಿಯ ಉದ್ದ ಗೌನು, ಅದರ ಮೇಲೆ ಕಂದು ಬಣ್ಣದ ಕಾರ್ಸೆಟ್ (ಸೊಂಟವನ್ನು ಬಿಗಿಯುವ ಲಾಡಿಯ ಕುಪ್ಪಸ), ಹ್ಯಾಟಿಗೆ ಗಾಗಲ್ಸ್ ಎಂದು ಚಿತ್ರಗಳನ್ನು ಕಳುಹಿಸುತ್ತಿದ್ದಾರೆ. ನಮ್ಮ ತಾಯಿಯವರಾದರೋ, ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಧಾರೆಯಾಗಬೇಕು, ಸೀರೆಯಲ್ಲೇ ಆಗಬೇಕು, ಮದುವೆಯ ದಿನವೇ ಆಗಬೇಕು ಎನ್ನುತ್ತಿದ್ದಾರೆ. ಎರಡು ಉಡುಪು ತೊಟ್ಟು ಎರಡು ಮದುವೆ ಮಾಡಿಕೊಂಡಂತೆ ಆಗುವುದು ನನಗೆ ಇಷ್ಟವಿಲ್ಲ. ಸೀರೆಯನ್ನೇ ವಿಕ್ಟೋರಿಯಾ ಕಾಲದ ಆಕಾರಕ್ಕೆ ತರುವ ಬಗೆ ಇದೆಯೇ? ಊರಿನಿಂದ ಬರುವ ಅಪ್ಪ, ಸೋದರಮಾವ, ದೊಡ್ಡಮ್ಮ ಇವರೆಲ್ಲರಿಗೆ ಫ್ಯಾನ್ಸಿ ಡ್ರೆಸ್ ಸ್ಪರ್ಧೆಗೆ ಬಂದ ಮುಜುಗರವಾಗದಂತೆ ಏನು ತೊಡಿಸಬಹುದು? ಹಳೆಯ ಯಂತ್ರಶಾಲೆಯಲ್ಲಿ ಮದುವೆ ಮಾಡುವಾಗ ಮುಂಚಿತವಾಗಿ ಕೇಳಿಕೊಳ್ಳಬೇಕಾದ ವಿಷಯಗಳೇನು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಸೂಜಿಮೊನೆ

ಮೊದಲಿಗೆ ಶುಭಾಶಯಗಳು. ನಾನು ಹುಬ್ಬಳ್ಳಿಯವಳು, ಲೆಸ್ಟರ್‌ನಲ್ಲಿ ನಾಟಕ ತಂಡಗಳಿಗೆ ಹಳೆಯ ಕಾಲದ ಉಡುಪು ಹೊಲಿದುಕೊಡುವುದು ನನ್ನ ವೃತ್ತಿ. ನಿಮ್ಮ ಅತ್ತೆಯವರು ಕಳುಹಿಸುತ್ತಿರುವಂಥ ಚಿತ್ರಗಳನ್ನು ಹಿಡಿದುಕೊಂಡು ವರ್ಷಕ್ಕೆ ಹಲವರು ನನ್ನಲ್ಲಿಗೆ ಬರುತ್ತಾರೆ, ಅವರೆಲ್ಲರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ದಶಕ?

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಈ ಅವಧಿಯಲ್ಲಿ ಹೆಂಗಸರ ಉಡುಪಿನ ಆಕಾರ ಹಲವು ಬಾರಿ ಪೂರ್ತಿಯಾಗಿ ಬದಲಾಯಿತು. 1840ರ ದಶಕದಲ್ಲಿ ಒಂದರ ಮೇಲೊಂದು ಲಂಗ ತೊಟ್ಟು ಉಬ್ಬಿಸುತ್ತಿದ್ದ ಪಾವಡೆಗೆ, 1856ರಲ್ಲಿ ಉಕ್ಕಿನ ಬಳೆಗಳ ಕ್ರಿನೊಲಿನ್ ಬಂದು ಆಧಾರವಾಯಿತು. 1860ರ ದಶಕದ ಕೊನೆಗೆ ಆ ಉಬ್ಬೆಲ್ಲ ಹಿಂದಕ್ಕೆ ಸರಿದು, ಸೊಂಟದ ಹಿಂದೆ ಪಾವಡೆಯನ್ನು ಎತ್ತಿ ಹಿಡಿಯುವ ಬಸಲ್ ಆಯಿತು. 1877ರಿಂದ 1882ರವರೆಗೆ ಬಸಲ್ ಮಾಯವಾಗಿ, ಮಂಡಿಯವರೆಗೆ ಮೈಗೆ ಅಂಟಿಕೊಂಡು ಕೆಳಗೆ ಬಾಲದಂತೆ ಹರಡುವ ಕಿರಿದಾದ ಆಕಾರ ನಡೆಯಿತು. 1883ರ ನಂತರ ಬಸಲ್ ಮತ್ತೆ ಬಂದಾಗ ಅದು ಸೊಂಟದ ಹಿಂದೆ ಹಲಗೆ ಜೋಡಿಸಿದ ಹಾಗೆ ನೇರವಾಗಿ ಹೊರಚಾಚಿತು. 1890ರ ದಶಕದಲ್ಲಿ ಪಾವಡೆ ಸರಳವಾಯಿತು, ತೋಳುಗಳು ಭುಜದ ಬಳಿ ವಿಪರೀತ ಉಬ್ಬಿದವು. ಇವೆಲ್ಲವನ್ನೂ ಕಲಸಿ, ಮೇಲೆ ಕಂದು ಕಾರ್ಸೆಟ್ ಬಿಗಿದು, ನಾಲ್ಕು ಹಲ್ಲುಚಕ್ರ ಅಂಟಿಸಿದ್ದೇ ಅಂಗಡಿಯಲ್ಲಿ ಸ್ಟೀಮ್‌ಪಂಕ್ ಎಂದು ಮಾರಾಟವಾಗುವ ಸರಕು. ನನ್ನ ಕಟುವಾದ ಅಭಿಪ್ರಾಯ ಇದು, ಬೇಸರಿಸಬೇಡಿ: ಅಂಥ ಉಡುಪಿನಲ್ಲಿ ಎಲ್ಲ ವಧುಗಳೂ ಒಂದೇ ಹೋಟೆಲಿನ ಸ್ವಾಗತಕಾರಿಣಿಯರ ಹಾಗೆ ಕಾಣುತ್ತಾರೆ.

ನಿಮ್ಮ ಪಾಲಿಗೆ ದಶಕವನ್ನು ಆ ಕಟ್ಟಡವೇ ಆರಿಸಿಕೊಟ್ಟಿದೆ. ಪ್ಯಾಪಲ್‌ವಿಕ್‌ನ ಎರಡು ಯಂತ್ರಗಳೂ 1884ರವು, ಎರಡನೆಯ ಬಸಲ್ ಮೆರೆಯುತ್ತಿದ್ದುದೂ ಅದೇ ವರ್ಷಗಳಲ್ಲಿ. ಸೀರೆಗೂ ಅದೇ ಅನುಕೂಲ, ಏಕೆಂದರೆ ಬಸಲ್ ಕಾಲದ ಮೇಲುಡುಪು ಎಂದರೆ ಉದ್ದ ಬಟ್ಟೆಯನ್ನು ಮುಂದೆ ಓರೆಯಾಗಿ ಎಳೆದು ಹಿಂದೆ ಮಡಿಕೆ ಮಡಿಕೆಯಾಗಿ ಪೇರಿಸುವುದು. ಐದೂವರೆ ಮೀಟರ್ ಬಟ್ಟೆಯನ್ನು ಕತ್ತರಿಸದೆ ಮೈಗೆ ಹೊಂದಿಸುವ ಕೆಲಸ ನಮ್ಮ ಹೆಂಗಸರಿಗೆ ಹೊಸದಲ್ಲ.

ಮಾಡುವ ಬಗೆ ಹೀಗೆ. ಒಳಗೆ ಸಣ್ಣ ಬಸಲ್ ಕಟ್ಟಿಕೊಂಡು, ಅದರ ಮೇಲೆ ಆ ಆಕಾರಕ್ಕೆ ಕತ್ತರಿಸಿದ ಗಟ್ಟಿ ಹತ್ತಿಯ ಒಳಲಂಗ ತೊಡಬೇಕು. ಇದು ಸೀರೆಯ ಬಣ್ಣದ್ದೇ ಆಗಿರಲಿ. ಸೀರೆಯ ಒಳತುದಿಯನ್ನು ಎಡಸೊಂಟದ ಹಿಂಬದಿಯಲ್ಲಿ ಸಿಕ್ಕಿಸಿ, ಮುಂದಕ್ಕೆ ಓರೆಯಾಗಿ ತಂದರೆ ಜರಿಯ ಅಂಚು ಮಂಡಿಯ ಮೇಲಿನಿಂದ ಇಳಿಜಾರಾಗಿ ಹಾಯುತ್ತದೆ. ಮುಂದೆ ಬರಬೇಕಾದ ನೆರಿಗೆಗಳನ್ನು ಹಿಂದೆ ಬಸಲ್ ಮೇಲೆ ಹಿಡಿಯಬೇಕು. ಉಳಿದ ಸೆರಗು ಎಂದಿನಂತೆ ಎಡಹೆಗಲಿಗೇ ಹೋಗಲಿ, ಅದನ್ನು ಬಿಟ್ಟರೆ ನಿಮ್ಮ ತಾಯಿಯವರಿಗೆ ಅದು ಸೀರೆ ಎನಿಸುವುದಿಲ್ಲ. ಪಿನ್ನುಗಳನ್ನು ನಂಬಬೇಡಿ, ನೆರಿಗೆಗಳನ್ನು ಒಳಲಂಗಕ್ಕೆ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿಟ್ಟರೆ ಇಡೀ ದಿನ ಅಲ್ಲಾಡುವುದಿಲ್ಲ, ಮರುದಿನ ದಾರ ಬಿಚ್ಚಿದರೆ ಸೀರೆಗೆ ಒಂದು ಗಾಯವೂ ಇರುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಮಾತ್ರ ನಿಮ್ಮ ಊರಿನ ಅಭಿಮಾನವನ್ನು ಸ್ವಲ್ಪ ಬದಿಗಿಡಬೇಕಾದೀತು. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಮೈಯ ಮೇಲೆ ನೀರಿನ ಹಾಗೆ ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. 1880ರ ಕಿರಿದಾದ ಆಕಾರಕ್ಕೆ ಅದಕ್ಕಿಂತ ಚೆಂದದ್ದಿಲ್ಲ, ಬಸಲ್ ಮೇಲೆ ಮಾತ್ರ ಅದು ಸೋತು ಮಲಗುತ್ತದೆ. ಬಸಲ್ ಬೇಕೆಂದಾದರೆ ಸೆಟೆದು ನಿಲ್ಲುವ ಕಂಚಿ ಅಥವಾ ಧರ್ಮಾವರಂ ರೇಷ್ಮೆ ಒಳ್ಳೆಯದು.

ರವಿಕೆಯ ಬಗ್ಗೆ ನೀವು ಚಿಂತಿಸಬೇಕಾಗಿಯೇ ಇಲ್ಲ. ನಾವು ಇಂದು ತೊಡುವ ರವಿಕೆಯ ವಂಶಾವಳಿಯಲ್ಲಿ ವಿಕ್ಟೋರಿಯಾ ಕಾಲದ ಮೇಲಂಗಿಯೂ ಇದೆ. 1860ರ ದಶಕದಲ್ಲಿ ಟಾಗೋರ್ ಮನೆತನದ ಜ್ಞಾನದಾನಂದಿನಿ ದೇವಿ ಸೀರೆಯ ಜೊತೆಗೆ ರವಿಕೆ, ಒಳಲಂಗ ತೊಡುವ ರೀತಿಯನ್ನು ಬಳಕೆಗೆ ತಂದರು. ಶತಮಾನದ ಕೊನೆಯ ಮೈಸೂರು ರಾಜಮನೆತನದ ಹೆಂಗಸರ ಛಾಯಾಚಿತ್ರಗಳಲ್ಲಿ ಕತ್ತು ಮುಚ್ಚುವ, ಲೇಸು ಹಚ್ಚಿದ ಉದ್ದತೋಳಿನ ರವಿಕೆಗಳನ್ನು ನೋಡಬಹುದು. ನಮ್ಮ ಕಡೆಯ ಮುದುಕಿಯರು ಅದನ್ನು ಜಾಕೀಟು ಎಂದೇ ಕರೆಯುತ್ತಿದ್ದರು. ನಿಮಗೆ ನಿಲುಗತ್ತಿನ, ಮುಂಗೈಗಿಂತ ಕೊಂಚ ಮೇಲಕ್ಕೆ ನಿಲ್ಲುವ ತೋಳಿನ, ಮುಂದೆ ಒತ್ತೊತ್ತಾಗಿ ಸಣ್ಣ ಹಿತ್ತಾಳೆ ಗುಂಡಿಗಳ ಸಾಲಿರುವ ಜಾಕೀಟು ಹೊಲಿಸಿದರೆ ಅದು 1884ಕ್ಕೂ ಸಲ್ಲುತ್ತದೆ, ಹಸೆಮಣೆಗೂ ಸಲ್ಲುತ್ತದೆ.

ಬಿಳಿಯ ಬಗ್ಗೆ ಒಂದು ಮಾತು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ಬಿಳಿ ರೇಷ್ಮೆ, ಡೆವನ್‌ನ ಹಾನಿಟನ್ ಲೇಸು ತೊಟ್ಟು ಮದುವೆಯಾದ ಮೇಲೆ ಬಿಳಿಗೆ ಮೆರುಗು ಬಂದದ್ದು ನಿಜ. ಆದರೆ ಸಾಮಾನ್ಯ ಮನೆಯ ಹುಡುಗಿಯರು ಮುಂದೆಯೂ ಉಡಬಹುದಾದ ಬಣ್ಣದ ಒಳ್ಳೆಯ ಉಡುಪಿನಲ್ಲೇ ಮದುವೆಯಾಗುತ್ತಿದ್ದರು. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಟಾರಿನಿಂದ ಹುಟ್ಟಿದ ವಸ್ತುವಿನಲ್ಲಿ ನೇರಳೆ ಬಣ್ಣವನ್ನು ಕಂಡುಹಿಡಿದ. 1858ರಲ್ಲಿ ಮಗಳ ಮದುವೆಗೆ ರಾಣಿಯೇ ಆ ಬಣ್ಣದ ಉಡುಪು ತೊಟ್ಟಳು. ಕಲ್ಲಿದ್ದಲಿನಿಂದ ಬಂದ ಬಣ್ಣಕ್ಕಿಂತ ಹೆಚ್ಚಿನ ಸ್ಟೀಮ್‌ಪಂಕ್ ಬಣ್ಣ ಯಾವುದಿದ್ದೀತು? ಜರಿಯಂಚಿನ ನೇರಳೆ ಸೀರೆಗೆ ನಿಮ್ಮ ತಾಯಿಯವರೂ ಬೇಡವೆನ್ನಲಾರರು.

ಇನ್ನು ಕಾರ್ಸೆಟ್. ಅದು ಒಳಉಡುಪು, ಹೊರಗೆ ತೊಡುವುದು ಇಂದಿನವರ ರೂಢಿ. ತೊಡುವುದೇ ಆದರೆ ಪ್ಲಾಸ್ಟಿಕ್ ಪಟ್ಟಿಯದ್ದು ಬೇಡ, ಮೈಯ ಬಿಸಿಗೆ ಅದು ಬಾಗಿ ಪಕ್ಕೆಗೆ ಚುಚ್ಚುತ್ತದೆ. ಸುರುಳಿ ಉಕ್ಕಿನ ಪಟ್ಟಿ, ಕೂಟಿಲ್ ಎಂಬ ಬಿಗಿನೇಯ್ಗೆಯ ಹತ್ತಿಬಟ್ಟೆ ಇರಲಿ. ಮದುವೆಗೆ ಕೆಲವು ವಾರ ಮೊದಲಿನಿಂದಲೇ ದಿನಕ್ಕೆ ಸ್ವಲ್ಪ ಹೊತ್ತು ಸಡಿಲವಾಗಿ ತೊಟ್ಟು ಪಳಗಿಸಿಕೊಳ್ಳಬೇಕು, ಹಿಂದೆ ಲಾಡಿಯ ನಡುವೆ ಮೂರು ನಾಲ್ಕು ಬೆರಳಿನಷ್ಟು ಸಂದು ಉಳಿಯುವಂತೆ ಬಿಗಿಯಬೇಕು. ಇದಕ್ಕಿಂತ ಮುಖ್ಯವಾದದ್ದನ್ನು ಇಲ್ಲಿಯ ಯಾವ ದರ್ಜಿಯೂ ನಿಮಗೆ ಹೇಳುವುದಿಲ್ಲ: ಕಾರ್ಸೆಟ್ ತೊಟ್ಟು ಕುರ್ಚಿಯಲ್ಲಿ ಕೂರಬಹುದು, ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಲಾಗುವುದಿಲ್ಲ. ಮುಂಭಾಗದ ಉಕ್ಕಿನ ಪಟ್ಟಿ ಕೆಳಹೊಟ್ಟೆಗೆ ಒತ್ತಿ ಹಿಡಿಯುತ್ತದೆ. ಧಾರೆಯಲ್ಲಿ ನೆಲದ ಮೇಲೆ ಕೂರುವುದಿದ್ದರೆ ಸೊಂಟದಲ್ಲಿ ಮುಗಿಯುವ, ಉಕ್ಕಿನ ಬದಲು ಹುರಿ ತುಂಬಿದ ಒಳಕುಪ್ಪಸ ಹೊಲಿಸಿಕೊಳ್ಳಿ. ಊಟದ ಹೊತ್ತಿಗೂ ಅದು ನಿಮಗೆ ಆಪ್ತವಾಗುತ್ತದೆ.

ಉತ್ತರ: ಬಾಯ್ಲರ್ ಭಟ್ಟ

ಉಡುಪಿನ ವಿಷಯವನ್ನು ಸೂಜಿಮೊನೆಯವರು ಹೇಳಿಯಾಯಿತು. ನಾನು ನಿವೃತ್ತ ಎಂಜಿನಿಯರ್. ಇಲ್ಲಿಯ ಹಳೆಯ ಉಗಿಯಂತ್ರಗಳ ಉಸ್ತುವಾರಿಗೆ ಸ್ವಯಂಸೇವಕನಾಗಿ ಹೋಗುವವನು. ಯಂತ್ರದ ಕಡೆಯ ಮಾತು ನನ್ನದಿರಲಿ.

ಜಾಗದ ಆಯ್ಕೆಗೆ ನಿಮ್ಮ ಹುಡುಗನನ್ನು ಮೆಚ್ಚಬೇಕು. ಜೇಮ್ಸ್ ವಾಟ್ ಕಂಪನಿಯ ಎರಡು ತೊಲೆಯಂತ್ರಗಳು (ದೊಡ್ಡ ತೊಲೆ ತಕ್ಕಡಿಯಂತೆ ಏರಿಳಿಯುವ ಉಗಿಯಂತ್ರಗಳು), ಅವಕ್ಕೆ ಉಗಿ ಒದಗಿಸುವ ಆರು ಲ್ಯಾಂಕಾಷೈರ್ ಬಾಯ್ಲರುಗಳು, ಬಣ್ಣದ ಗಾಜಿನ ಕಿಟಕಿಗಳು, ನೀರುಗಿಡಗಳ ನಡುವೆ ಮೀನು ಈಜುವ ಹಾಗೆ ಅಲಂಕರಿಸಿದ ಕಂಬಗಳು, ಹೊರಗೆ ಯಂತ್ರದ ನೀರು ತಣಿಯಲು ಕಟ್ಟಿದ ಕೊಳ, ಇಷ್ಟೂ ಒಂದೆಡೆ ಉಳಿದಿರುವುದು ಅಪರೂಪ. 1969ರವರೆಗೆ ಅದು ನಾಟಿಂಗ್‌ಹ್ಯಾಮ್‌ಗೆ ನೀರೆತ್ತುವ ನಿಜವಾದ ಕೆಲಸ ಮಾಡಿದೆ. ಅಂಥಲ್ಲಿ ರಟ್ಟಿನ ಹಲ್ಲುಚಕ್ರಗಳ ತೋರಣ ಕಟ್ಟುವ ಅಲಂಕಾರದವರನ್ನು ದೂರವಿಡಿ, ಹೂವಿಗಷ್ಟೇ ಹಣ ಖರ್ಚು ಮಾಡಿ.

ಮೊದಲು ಕೇಳಬೇಕಾದದ್ದು ನಿಮ್ಮ ದಿನದಂದು ಯಂತ್ರ ಉಗಿಯಲ್ಲಿ ಓಡುತ್ತದೆಯೇ ಎಂದು. ಇಂಥ ಸ್ಥಳಗಳಲ್ಲಿ ಬಾಯ್ಲರು ಹಚ್ಚುವುದು ವರ್ಷದ ಕೆಲವೇ ದಿನ. ಲ್ಯಾಂಕಾಷೈರ್ ಬಾಯ್ಲರಿಗೆ ಹಿಂದಿನ ದಿನದಿಂದಲೇ ಬೆಂಕಿ ಹಾಕಿ ನಿಧಾನವಾಗಿ ಕಾಯಿಸದಿದ್ದರೆ ಕಬ್ಬಿಣ ಒಂದೇ ಸಮನೆ ಹಿಗ್ಗದೆ ಬೆಸುಗೆ, ರಿವೆಟ್ಟುಗಳು ಸಡಿಲವಾಗುತ್ತವೆ. ಆದ್ದರಿಂದ ಕಲ್ಲಿದ್ದಲಿನ ವೆಚ್ಚ, ಸಿಬ್ಬಂದಿಯ ಸಮಯ ಎರಡೂ ಸೇರಿ ಬೆಲೆ ಬೇರೆಯೇ ಆಗುತ್ತದೆ. ಓಡುವ ಯಂತ್ರ ಬೇಕೆಂದರೆ ಅದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ತೊಲೆಯಂತ್ರದ ಓಟ ನಿಧಾನ, ಸದ್ದೂ ಕಡಿಮೆ, ಪಕ್ಕದಲ್ಲಿ ನಿಂತು ಮಂತ್ರ ಹೇಳಿದರೂ ಕೇಳಿಸುತ್ತದೆ. ಆದರೆ ಓಡುವ ಯಂತ್ರವೆಂದ ಮೇಲೆ ಎಣ್ಣೆ ಹನಿಯುತ್ತದೆ, ಹಿಡಿದುಕೊಳ್ಳುವ ಕಂಬಿಗಳಿಗೆ ಎಣ್ಣೆಯ ಪಸೆ ಇರುತ್ತದೆ. ರೇಷ್ಮೆಗೆ ಹತ್ತಿದ ಸಿಲಿಂಡರ್ ಎಣ್ಣೆ ಯಾವ ಡ್ರೈ ಕ್ಲೀನಿಂಗಿಗೂ ಸುಲಭಕ್ಕೆ ಬಗ್ಗದು. ಗಾಲಿಚಕ್ರದ ಬೇಲಿಯ ಬಳಿ ಫೋಟೋಕ್ಕೆ ನಿಲ್ಲುವಾಗ ಸೆರಗನ್ನು ಯಾರಾದರೂ ಹಿಡಿದುಕೊಂಡೇ ಇರಲಿ. ಇದು ಶಿಷ್ಟಾಚಾರದ ಮಾತಲ್ಲ, ಜೀವದ ಮಾತು.

ಧಾರೆಯ ಬಗ್ಗೆ. ಇಂಗ್ಲೆಂಡಿನ ಕಾನೂನಿನಂತೆ ರಿಜಿಸ್ಟ್ರಾರ್ ನಡೆಸುವ ಸಿವಿಲ್ ವಿಧಿಯಲ್ಲಿ ಧಾರ್ಮಿಕ ಅಂಶ ಇರಕೂಡದು. ಹಾಗಾಗಿ ಮಂತ್ರ, ಮಾಂಗಲ್ಯ, ಹೋಮಗಳನ್ನು ಅದರೊಳಗೆ ಬೆರೆಸಲಾಗದು, ಅದು ಮುಗಿದ ಮೇಲೆ ಪ್ರತ್ಯೇಕವಾಗಿ ನಡೆಸಬೇಕು. ಇಬ್ಬರೂ ಖುದ್ದಾಗಿ ರಿಜಿಸ್ಟರ್ ಕಚೇರಿಗೆ ಹೋಗಿ ಕನಿಷ್ಠ 28 ದಿನ ಪೂರ್ತಿ ಕಳೆಯುವಂತೆ ಮುಂಚಿತವಾಗಿ ನೋಟಿಸ್ ಕೊಡಬೇಕು. ನೀವು ಭಾರತದ ಪಾಸ್‌ಪೋರ್ಟಿನವರಾದರೆ ಈ ಅವಧಿಯನ್ನು 70 ದಿನಗಳಿಗೆ ವಿಸ್ತರಿಸುವ ಸಾಧ್ಯತೆ ಇರುವುದರಿಂದ ಬೇಸಿಗೆಯ ಆರಂಭದಲ್ಲೇ ಈ ಕೆಲಸ ಮುಗಿಸಿ. ಅಂದಹಾಗೆ ಇಲ್ಲಿ ಸಿವಿಲ್ ಮದುವೆ ಜಾರಿಗೆ ಬಂದದ್ದೇ 1837ರ ಜುಲೈನಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದ ಕೆಲವೇ ದಿನಗಳಿಗೆ. ರಿಜಿಸ್ಟ್ರಾರ್ ಮುಂದೆ ಸಹಿ ಹಾಕುವುದೂ ನಿಮ್ಮ ಮದುವೆಯ ವಿಕ್ಟೋರಿಯಾ ಭಾಗವೇ.

ಹೋಮದ ಬೆಂಕಿಗೆ ಹಳೆಯ ಸಂರಕ್ಷಿತ ಕಟ್ಟಡದೊಳಗೆ ಅನುಮತಿ ಸಿಗುವುದು ಕಷ್ಟ. ಕೊಳದ ದಡದಲ್ಲಿ ಮಂಟಪ ಹಾಕಿಸುವ ಬಗ್ಗೆ ಕೇಳಿ ನೋಡಿ. ಬೆಂಕಿಯ ಬಳಿ ಕ್ರಿನೊಲಿನ್ ಮಾದರಿಯ ಬಳೆಲಂಗವನ್ನು ಯಾರೂ ತೊಡದಿರಲಿ. ಆ ಕಾಲದಲ್ಲಿ ಅಂಥ ಲಂಗಕ್ಕೆ ಕಿಡಿ ತಗುಲಿ ಸತ್ತ ಹೆಂಗಸರ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ತೊಟ್ಟವರಿಗೆ ತಮ್ಮ ಲಂಗದ ಅಂಚು ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ, ಒಳಗಿನ ಗಾಳಿಗೆ ಬೆಂಕಿ ಕ್ಷಣದಲ್ಲಿ ಏರುತ್ತಿತ್ತು.

ಉತ್ತರ: ಕಾರಂಜಿ ಕೆರೆ

ಸಂತೋಷದ ಚರ್ಚೆಯ ನಡುವೆ ಸ್ವಲ್ಪ ಕಹಿ ಮಾತಾಡುತ್ತೇನೆ, ಕ್ಷಮಿಸಿ. ಬಸಲ್‌ಗಳ ಆ ದಶಕಗಳು ನಮ್ಮ ಊರಿನಲ್ಲಿ ಹೇಗಿದ್ದವು ಎಂಬುದನ್ನು ಅತಿಥಿಗಳ ಉಡುಪನ್ನು ನಿರ್ಧರಿಸುವಾಗ ನೆನಪಿಡಬೇಕು. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರುತ್ತಿದ್ದಾಗ ಮೈಸೂರು ಸಂಸ್ಥಾನದಲ್ಲಿ ಧಾತು ಈಶ್ವರ ಸಂವತ್ಸರಗಳ ಬರ ನಡೆದಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆದ್ದರಿಂದಲೇ ಸ್ಟೀಮ್‌ಪಂಕ್ ಕೂಟಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ಸೋಲಾ ಟೋಪಿ, ಖಾಕಿ ಕೋಟು, ಎದೆಯ ಮೇಲೆ ಯಾವುದೋ ಯುದ್ಧದ ಪದಕಗಳನ್ನು ತೊಟ್ಟು ತಮಾಷೆಗೆ ಓಡಾಡುವವರನ್ನು ಕಂಡರೆ ನನಗೆ ನಗು ಬರುವುದಿಲ್ಲ. ನಿಮ್ಮ ಆಮಂತ್ರಣದಲ್ಲಿಯೇ, ಸೈನಿಕರ ಹಾಗೂ ದೊರೆಗಳ ವೇಷ ಬೇಡ, ಕುಶಲಕರ್ಮಿ, ವಿಜ್ಞಾನಿ, ಎಂಜಿನಿಯರ್, ಪ್ರಯಾಣಿಕರ ಉಡುಪು ಇರಲಿ ಎಂದು ವಿನಯದಿಂದ ಸೂಚಿಸಬಹುದು. ಅರ್ಥವಾಗಬೇಕಾದವರಿಗೆ ಅರ್ಥವಾಗುತ್ತದೆ.

ನಿಮ್ಮ ತಂದೆಯವರ ಉಡುಪಿನ ಪ್ರಶ್ನೆಗೆ ಉತ್ತರ ಮೈಸೂರಿನಲ್ಲೇ ಇದೆ. ತಲೆಗೆ ಜರಿಯಂಚಿನ ಮೈಸೂರು ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಉದ್ದಕೋಟು, ಹೆಗಲಿಗೆ ವಲ್ಲಿ, ಜೇಬಿನಿಂದ ಇಣುಕುವ ಗಡಿಯಾರದ ಸರಪಳಿ. 1861ರಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಪೇಟ ಮತ್ತು ಕೋಟಿನಲ್ಲಿ ನೋಡದ ಕನ್ನಡಿಗನಿಲ್ಲ. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳಿಗಿಂತ ಮಿಗಿಲಾದ ಸ್ಟೀಮ್‌ಪಂಕ್ ಕಲ್ಪನೆಯನ್ನು ಯಾವ ಕಾದಂಬರಿಕಾರನೂ ಹೊಸೆಯಬೇಕಾಗಿಲ್ಲ. ನೀರೆತ್ತುವ ಯಂತ್ರಶಾಲೆಯೊಳಗೆ ನಿಮ್ಮ ತಂದೆಯವರು ಹಾಗೆ ನಡೆದು ಬಂದರೆ ವೇಷ ಹಾಕಿದವರು ಉಳಿದವರಾಗುತ್ತಾರೆ, ಅವರಲ್ಲ. ಹುಡುಗನ ಕಡೆಯವರಿಗೂ ಹೇಳಲು ಕಥೆಗಳಿವೆ: ಕೋಲಾರದ ಚಿನ್ನದ ಗಣಿಗಳಿಗೆ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದದ್ದು ಇದೇ 1880ರ ದಶಕದಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಆ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ.

ಮರುಪ್ರಶ್ನೆ: ಟ್ರೆಂಟ್ ದಂಡೆಯವಳು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಪ್ಪನಿಗೆ ಪೇಟದ ಮಾತು ತಿಳಿಸಿದೆ, ಅವರು ಆಗಲೇ ತಾತನ ಕೋಟನ್ನು ಪೆಟ್ಟಿಗೆಯಿಂದ ತೆಗೆಸಿ ಬಿಸಿಲಿಗೆ ಹಾಕಿದ್ದಾರಂತೆ. ಸೋಲಾ ಟೋಪಿ ಬೇಡವೆಂಬ ಮಾತಿಗೆ ನನ್ನ ಹುಡುಗನೂ ಒಪ್ಪಿದ್ದಾನೆ.

ಇನ್ನೆರಡು ಸಂದೇಹಗಳು ಉಳಿದಿವೆ. ಇಲ್ಲಿಯ ಪದ್ಧತಿಯಲ್ಲಿ ತಂದೆ ಮಗಳ ಕೈಹಿಡಿದು ಕರೆತರಬೇಕು, ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವರು ಸೋದರಮಾವ. ಈ ಗೌರವವನ್ನು ಮಾವನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಎರಡನೆಯದು, ಆಮಂತ್ರಣ ಪತ್ರಿಕೆ ಮತ್ತು ಅತಿಥಿಗಳ ಮನರಂಜನೆಗೆ ಎರಡೂ ಕಡೆಯವರಿಗೆ ಸಲ್ಲುವಂಥದ್ದೇನಾದರೂ ಇದೆಯೇ?

ಉತ್ತರ: ಅಚ್ಚುಮೊಳೆ

ಆಮಂತ್ರಣಕ್ಕೆ ಹಲ್ಲುಚಕ್ರಗಳ ಚಿತ್ರವಿರುವ ಸಿದ್ಧ ವಿನ್ಯಾಸವನ್ನು ಕೊಳ್ಳಬೇಡಿ. ವಿಕ್ಟೋರಿಯಾ ಕಾಲದ ಕನ್ನಡ ಮುದ್ರಣವೇ ಕಣ್ಣೆದುರಿಗಿದೆ. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ ಪತ್ರಿಕೆ ಕಲ್ಲಚ್ಚಿನಲ್ಲಿ ಹೊರಬಂತು, ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಮೊಳೆಯಚ್ಚಿನಲ್ಲಿ ಮುದ್ರಣಗೊಂಡಿತು. ಆ ನಿಘಂಟಿನ ಮುಖಪುಟವನ್ನು ಒಮ್ಮೆ ನೋಡಿ: ಒಂದೊಂದು ಸಾಲಿಗೆ ಒಂದೊಂದು ಗಾತ್ರದ ಅಕ್ಷರ, ನಡುವೆ ತೆಳುಗೆರೆಗಳು, ಕೆಳಗೆ ಊರು ಮತ್ತು ವರ್ಷ. ಇದೇ ಜೋಡಣೆಯಲ್ಲಿ ವಧೂವರರ ಹೆಸರು, ಮುಹೂರ್ತ, ಯಂತ್ರಶಾಲೆಯ ವಿಳಾಸವನ್ನು ಎಡಕ್ಕೆ ಕನ್ನಡದಲ್ಲೂ ಬಲಕ್ಕೆ ಇಂಗ್ಲಿಷಿನಲ್ಲೂ ಇಟ್ಟು, ಕಪ್ಪು ಶಾಯಿಯೊಂದರಲ್ಲೇ ದಪ್ಪ ಹತ್ತಿಕಾಗದದ ಮೇಲೆ ಒತ್ತಿಸಿದರೆ ಸಾಕು. ಇಂಗ್ಲೆಂಡಿನಲ್ಲಿ ಮೊಳೆಯಚ್ಚಿನ ಸಣ್ಣ ಕಾರ್ಯಾಗಾರಗಳು ಹಲವಿವೆ. ಕನ್ನಡದ ಮೊಳೆಗಳು ಅವರಲ್ಲಿ ಇರುವುದಿಲ್ಲವಾದ್ದರಿಂದ ಕನ್ನಡದ ಭಾಗಕ್ಕೆ ಪಾಲಿಮರ್ ಅಚ್ಚುಫಲಕ ಮಾಡಿಸಿ. ಒತ್ತಕ್ಷರಗಳ ಸಣ್ಣ ಕೊಂಡಿಗಳು ಮುಚ್ಚಿಹೋಗದಂತೆ ಅಕ್ಷರವನ್ನು ಇಂಗ್ಲಿಷಿಗಿಂತ ಒಂದೆರಡು ಅಳತೆ ದೊಡ್ಡದಾಗಿಡಬೇಕು. ಕರಡನ್ನು ಕನ್ನಡ ಬಲ್ಲವರೇ ನೋಡಲಿ.

ಹಲ್ಲುಚಕ್ರಗಳು ಬೇಕೇ ಬೇಕೆಂದರೆ ಓಡುವಂಥವನ್ನು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ 1961ರಿಂದ ಕೈಗಡಿಯಾರ ತಯಾರಿಸಿದ ಎಚ್‌ಎಂಟಿ ಕಂಪನಿ ಕೀಲಿ ಕೊಡುವ ಜೇಬುಗಡಿಯಾರಗಳನ್ನೂ ಮಾಡಿತ್ತು, ಹಳೆಯ ಗಡಿಯಾರ ರಿಪೇರಿಯವರಲ್ಲಿ ಹುಡುಕಿದರೆ ಇಂದಿಗೂ ಸಿಗುತ್ತವೆ. ವರನಿಗೆ ವರೋಪಚಾರದಲ್ಲಿ ಕೊಡಲು ಅದಕ್ಕಿಂತ ತಕ್ಕ ಉಡುಗೊರೆ ತೋಚುವುದಿಲ್ಲ.

ಮನರಂಜನೆಗೆ ಸ್ಟೀಮ್‌ಪಂಕ್ ಬಳಗದವರದ್ದೇ ಒಂದು ಆಟವಿದೆ, ನಿಮ್ಮ ಹುಡುಗನಿಗೆ ಖಂಡಿತ ಗೊತ್ತಿರುತ್ತದೆ: ಚಹಾ ದ್ವಂದ್ವ. ಇಬ್ಬರು ಎದುರುಬದುರು ಕುಳಿತು ಬಿಸ್ಕತ್ತನ್ನು ಬಿಸಿ ಚಹಾದಲ್ಲಿ ಐದು ಎಣಿಸುವವರೆಗೆ ಅದ್ದಿ ಎತ್ತಬೇಕು. ಅದು ಮೆತ್ತಗಾಗಿ ಕಪ್ಪಿಗೋ ಬಟ್ಟೆಗೋ ಬೀಳದಂತೆ, ಎದುರಾಳಿಗಿಂತ ತಡವಾಗಿ ಬಾಯಿಗೆ ಹಾಕಿಕೊಂಡವನು ಗೆದ್ದ. ನಾಗೋಲಿಯ ಆಟಗಳಲ್ಲಿ ಉಂಗುರ ಹುಡುಕುವುದರ ಜೊತೆಗೆ ಇದನ್ನೂ ಸೇರಿಸಿದರೆ ಬೀಗರು ಬೀಗರ ನಡುವೆ ಭಾಷೆಯ ಅಡ್ಡಿಯೇ ಬರುವುದಿಲ್ಲ. ಎಷ್ಟೋ ದಶಕಗಳಿಂದ ಕಾಫಿಯಲ್ಲಿ ಬನ್ನು, ರಸ್ಕು ಅದ್ದಿ ಅದ್ದಿ ಕೈಪಳಗಿರುವ ನಮ್ಮ ದೊಡ್ಡಮ್ಮಂದಿರ ಎದುರು ಲಿಂಕನ್‌ನ ವೀರರು ಎಷ್ಟು ಹೊತ್ತು ನಿಂತಾರು ಎಂಬ ಕುತೂಹಲ ನನಗಿದೆ.

ಉತ್ತರ: ಸೂಜಿಮೊನೆ

ಸೋದರಮಾವನ ಪ್ರಶ್ನೆಗೆ ಬಾಯ್ಲರ್ ಭಟ್ಟರ ಮಾತಿನಲ್ಲೇ ದಾರಿಯಿದೆ. ಹೇಗೂ ಸಿವಿಲ್ ವಿಧಿ, ಧಾರೆ ಎರಡೂ ಬೇರೆ ಬೇರೆ ಹೊತ್ತಿಗೆ ನಡೆಯಬೇಕಾಗಿರುವುದರಿಂದ ಯಂತ್ರಶಾಲೆಯೊಳಕ್ಕೆ ತಂದೆಯವರು ಕರೆತರಲಿ, ಅಲ್ಲಿಂದ ಕೊಳದ ಬಳಿಯ ಮಂಟಪಕ್ಕೆ ಮಾವನವರು ಕರೆದೊಯ್ಯಲಿ. ಉಡುಪು ಬದಲಿಸದೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಂತಾದರೆ ನೀವು ಹೆದರಿದ್ದ ಎರಡು ಮದುವೆಯ ಭಾವವೂ ಬರುವುದಿಲ್ಲ. ಆ ನಡಿಗೆಯಲ್ಲಿ ಹುಲ್ಲಿನ ಮೇಲೆ ಸೀರೆಯ ಅಂಚು ತೊಯ್ಯದಂತೆ ಒಳಲಂಗದ ಬಲಬದಿಗೆ ಒಂದು ಕುಣಿಕೆ ಹೊಲಿಸಿಡಿ, ಕೈಯಿಂದ ಹಿಡಿಯುವ ಬದಲು ಕುಣಿಕೆಗೆ ಕೊಕ್ಕೆ ಸಿಕ್ಕಿಸಿದರಾಯಿತು. ಆ ಕಾಲದ ಹೆಂಗಸರು ಇದಕ್ಕೆಂದೇ ಸೊಂಟದಿಂದ ಇಳಿಬಿಡುವ ಲೋಹದ ಚಿಮಟಿಗೆಯನ್ನು ತೊಡುತ್ತಿದ್ದರು, ಹಿತ್ತಾಳೆಯದ್ದು ಸಿಕ್ಕರೆ ಗಾಗಲ್ಸ್‌ಗಿಂತ ಒಳ್ಳೆಯ ಆಭರಣ.

ದೊಡ್ಡಮ್ಮನವರಿಗೆ ಬೇರೇನೂ ಬೇಡ, ಅವರದ್ದೇ ರೇಷ್ಮೆ ಸೀರೆಗೆ ನಿಲುಗತ್ತಿನ ಉದ್ದತೋಳಿನ ಜಾಕೀಟು ಮತ್ತು ಒಂದು ಶಾಲು ಸಾಕು. ಕಾಶ್ಮೀರದ ಮಾವಿನಕಾಯಿ ಬುಟ್ಟಾದ ಶಾಲುಗಳಿಗೆ ಇಲ್ಲಿ ಎಂಥ ಬೇಡಿಕೆಯಿತ್ತೆಂದರೆ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಮಗ್ಗಗಳು ಅದರ ನಕಲು ನೇಯ್ದೇ ಹೆಸರಾದವು. ಸೆಪ್ಟೆಂಬರಿನ ಸಂಜೆಗೆ ಕೊಳದ ಬಳಿ ಚಳಿ ಏಳುತ್ತದೆ, ಶಾಲು ಕೆಲಸಕ್ಕೂ ಬರುತ್ತದೆ.

ಹೊಲಿಗೆಯ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ಮೊದಲು ಒಳಕುಪ್ಪಸ, ಆಮೇಲೆ ಬಸಲ್, ಅವೆರಡನ್ನೂ ತೊಟ್ಟ ಮೇಲೆ ಒಳಲಂಗದ ಅಳತೆ, ಕೊನೆಗೆ ಜಾಕೀಟಿನ ಅಳತೆ. ಬರಿಮೈಯ ಅಳತೆ ಕಳುಹಿಸಿ ಮೈಸೂರಿನಲ್ಲಿ ರವಿಕೆ ಹೊಲಿಸಿಕೊಂಡರೆ ಇಲ್ಲಿ ಗುಂಡಿ ಕೂಡುವುದಿಲ್ಲ. ಹಾಗಾಗಿ ಊರಿನಿಂದ ಸೀರೆಯನ್ನೂ ಅದರ ರವಿಕೆಯ ತುಂಡನ್ನೂ ಜೂನ್ ಒಳಗೆ ತರಿಸಿಕೊಳ್ಳಿ, ಜಾಕೀಟಿಗೆ ರವಿಕೆಯ ತುಂಡು ಸಾಲದಿದ್ದರೆ ಅದೇ ಬಣ್ಣದ ಸಾದಾ ರೇಷ್ಮೆ ಎರಡು ಮೀಟರ್ ಹೆಚ್ಚಿಗೆ ಇರಲಿ. ಪಾದರಕ್ಷೆಯನ್ನು ಅಳತೆಗೆ ಮೊದಲೇ ಕೊಂಡು, ಅದನ್ನೇ ಮೆಟ್ಟಿಕೊಂಡು ಅಳತೆಗೆ ನಿಲ್ಲಿ. ಹಿಮ್ಮಡಿ ಒಂದು ಇಂಚು ಬದಲಾದರೂ ಒಳಲಂಗದ ಅಂಚನ್ನು ಮತ್ತೆ ಬಿಚ್ಚಬೇಕಾಗುತ್ತದೆ.